ಕ್ಯಾಸೆಟ್ಟಿನ ಇನ್ನೊಂದು ಕಡೆ

ಮೊಮ್ಮಗಳು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ಹಳೆಯ ಕ್ಯಾಸೆಟ್ಟು. ಡಬ್ಬಿ ಒಡೆದಿತ್ತು. ಬಿಚ್ಚಿಹೋಗದ ಹಾಗೆ ಸುತ್ತಲೂ ಕೆಂಪು ರೇಷ್ಮೆ ನೂಲು ಬಿಗಿದಿದ್ದರು. ನೂಲು ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಗಂಟು ಮಾತ್ರ ಹಾಗೇ ಇತ್ತು. ಮಗ್ಗದಲ್ಲಿ ಹರಿದ ಎಳೆಗೆ ಹಾಕುವ ಗಂಟು ಅದು. ಎಳೆದಷ್ಟೂ ಬಿಗಿಯುತ್ತದೆ. ಹಾಕಿದವಳು ನಾನು.

ಅವಳಿಗೆ ಅದು ಗೊತ್ತಿರಲಿಲ್ಲ. ಇಂಗ್ಲಿಷ್ ಹಾಡು ಹೇಳುವ ದೊಡ್ಡ ಬ್ಯಾಂಡ್ ಒಂದರ ಮೊಟ್ಟಮೊದಲ ರೆಕಾರ್ಡಿಂಗ್ ಹರಾಜಾಯಿತು, ದೊಡ್ಡಬಳ್ಳಾಪುರದಲ್ಲಿ ಮಾಡಿದ್ದಂತೆ ಅಂತ ತೋರಿಸಿದಳು ಅಷ್ಟೆ. ಯಾರೋ ಹೊರದೇಶದವನು ಕೊಂಡನಂತೆ. ಆ ದುಡ್ಡಿಗೆ ನಮ್ಮ ಬೀದಿಯ ಮಗ್ಗಗಳನ್ನೆಲ್ಲ ಕೊಂಡು ಇನ್ನೂ ಮಿಗುತ್ತಿತ್ತು. ಅದರಲ್ಲಿ ಒಬ್ಬಳು ಹೆಂಗಸು ಕಿರುಚುತ್ತಾಳೆ, ಅದೇ ಅದರ ಹೆಚ್ಚುಗಾರಿಕೆ, ಅವಳು ಯಾರು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ ಅಂದಳು. ಆ ಕಿರುಚಾಟದ ಅರ್ಥ ಏನು ಅಂತ ಓದಿದವರು ಉದ್ದುದ್ದ ಬರೆದಿದ್ದಾರಂತೆ. ಭೂಮಿತಾಯಿ ಅಂತೆ, ದೇಶ ಅಂತೆ.

ಆ ಹೆಂಗಸಿನ ಮಾತು ಆಮೇಲೆ. ಮೊದಲು ಚಿಕ್ಕೋನ ಮಾತು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ, ಅವಳ ಇಬ್ಬರು ಗಂಡುಮಕ್ಕಳು ಇದ್ದರು. ಬೀದಿಯವರೆಲ್ಲ ಅವರನ್ನು ದೊಡ್ಡೋನು, ಚಿಕ್ಕೋನು ಅಂತಲೇ ಕರೆಯುತ್ತಿದ್ದರು. ಹಿತ್ತಲಿನ ಕೊಟ್ಟಿಗೆಯಲ್ಲಿ ಕರೆಂಟಿನ ಮಗ್ಗಗಳು. ನಾನು ಅವಕ್ಕೆ ಕಂಡಿಕೆ ಸುತ್ತಿಕೊಡುತ್ತಿದ್ದೆ, ಅಂದರೆ ಲಾಳಿಯೊಳಗೆ ಕೂರುವ ಕಡ್ಡಿಗೆ ನೂಲು ಸುತ್ತುವ ಕೆಲಸ. ದೊಡ್ಡೋನಿಗೆ ಕೈ ಮೊದಲು, ಬಾಯಿ ಆಮೇಲೆ. ಸಾಸಲಿನ ಕಡೆಯಿಂದ ತಂದ ಹೆಂಡತಿ ಒಂದು ಕಿವಿ ಕೇಳದ ಹಾಗೆ ಮಾಡಿಸಿಕೊಂಡು ತವರಿಗೆ ಹೋದವಳು ತಿರುಗಿ ಬರಲಿಲ್ಲ. ಚಿಕ್ಕೋನು ತಿರುಗಿಸಿ ಹೊಡೆದವನಲ್ಲ. ಒಳ್ಳೆಯವನು ಅಂತ ಹೇಳುತ್ತಿಲ್ಲ, ಪುಕ್ಕಲ. ಆದರೆ ಅವನ ಬೆರಳು ನೋಡಬೇಕಿತ್ತು. ಮಗ್ಗ ಓಡುತ್ತಿರುವಾಗಲೇ ಹರಿದ ಎಳೆಗೆ ಗಂಟು ಬಿದ್ದಿರುತ್ತಿತ್ತು.

ಅವನ ಹತ್ತಿರ ಬ್ಯಾಟರಿ ಹಾಕುವ ಒಂದು ಟೇಪ್ ರೆಕಾರ್ಡರ್ ಇತ್ತು. ಅವ್ವ ಹಾಸಿಗೆ ಹಿಡಿದ ಮೇಲೆ ಒಂದು ದಿನ ಅವಳ ಮುಂದೆ ಇಟ್ಟು ಮಾತಾಡಿಸಿದ. ನಾನು ಪಕ್ಕದಲ್ಲೇ ಕೂತು ನೂಲು ಸುತ್ತುತ್ತಿದ್ದೆ. ಮುದುಕಿ ಕೆಮ್ಮಿದಳು, ಇದು ಓಡ್ತೈತಾ ಅಂತ ಕೇಳಿದಳು, ರಾಟೆಯ ಎಣ್ಣೆ ಮುಗಿದಿರುವುದಕ್ಕೆ ನನ್ನನ್ನು ಬೈದಳು. ಕೊನೆಗೆ, "ನೀನು ಉಂಡ್ಯಾ? ನಿಮ್ಮಣ್ಣ ಉಂಡ್ನಾ?" ಅಂದಳು. ಅಷ್ಟೆ ಅದರಲ್ಲಿ ಇದ್ದದ್ದು. ಅವಳು ಸತ್ತ ಮೇಲೆ ಚಿಕ್ಕೋನು ಅದನ್ನೇ ಹಾಕಿಕೊಂಡು ಕೇಳುತ್ತಿದ್ದ. ಅಣ್ಣನಿಗೆ ಹೇಳಿರಲಿಲ್ಲ. ಹೇಳಿದರೆ ಕಿತ್ತುಕೊಳ್ಳುತ್ತಾನೆ ಅಂತ ಹೆದರಿಕೆ.

ಆ ಬ್ಯಾಂಡಿನ ಹುಡುಗರು ಬೆಂಗಳೂರಿನವರು, ನಾಲ್ಕು ಜನ. ಚಿಕ್ಕಪೇಟೆಯಲ್ಲಿ ಇವರ ಸೀರೆ ಕೊಳ್ಳುತ್ತಿದ್ದ ಸಾಹುಕಾರನ ಮಗ ಅವರಲ್ಲೊಬ್ಬ. ಅಲ್ಲಿ ಬಾರಿಸಿದರೆ ನೆರೆಹೊರೆಯವರು ಕಲ್ಲು ತೂರುತ್ತಿದ್ದರಂತೆ. ನಮ್ಮ ಬೀದಿಯಲ್ಲಿ ಮಗ್ಗದ ಸದ್ದಿಗೆ ಪಕ್ಕದಲ್ಲಿ ಕೊಲೆಯಾದರೂ ಕೇಳುವುದಿಲ್ಲ. ಅದಕ್ಕೇ ಇವರ ಕೊಟ್ಟಿಗೆಗೆ ಬಂದು ಬಾರಿಸುತ್ತಿದ್ದರು. ವ್ಯಾಪಾರದ ಮುಲಾಜಿಗೆ ದೊಡ್ಡೋನು ಸುಮ್ಮನಿದ್ದ.

ಒಂದೇ ಒಂದು ಕಟ್ಟಳೆ. ಕರೆಂಟು ಹೋದರೆ ಬಾಯಿ ಮುಚ್ಚಬೇಕು. ಮಗ್ಗದ ಬೀದಿಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಕಲಿಸುವುದಿಲ್ಲ. ಮಗ್ಗಗಳು ಒಟ್ಟಿಗೆ ನಿಂತ ಗಳಿಗೆಯಲ್ಲಿ ಅತ್ತೆಯನ್ನು ಕೂಗಿ ಬೈಯುತ್ತಿದ್ದವಳು ಬೀದಿಗೆಲ್ಲ ಕೇಳಿಸಿ ಏಟು ತಿಂದಿದ್ದನ್ನು ನಾನೇ ಕಂಡಿದ್ದೇನೆ. ಚಿಕ್ಕೋನು ಆ ಹುಡುಗರಿಗೆ ಹೇಳಿಕೊಟ್ಟಿದ್ದ. ಗಿಟಾರುಗಳು ಕರೆಂಟಿನವು, ತಾವೇ ನಿಲ್ಲುತ್ತಿದ್ದವು. ಡ್ರಮ್ಮಿಗೆ ಕರೆಂಟು ಬೇಡ...

ಮುದುಕಿಯ ಹನ್ನೊಂದರ ಕಾರ್ಯ ಇನ್ನೂ ಆಗಿರಲಿಲ್ಲ. ಮನೆಯ ಮಗ್ಗ ನಿಲ್ಲಿಸಿದ್ದರು. ಅವತ್ತು ಮಧ್ಯಾಹ್ನ ಹುಡುಗರು ಬಂದರು. ಮಾರನೆಯ ದಿನ ಯಾರೋ ಹಾಡಿನ ಕಂಪನಿಯವನಿಗೆ ರೆಕಾರ್ಡ್ ಮಾಡಿದ ಕ್ಯಾಸೆಟ್ಟು ಕೊಡಲೇಬೇಕಂತೆ. ಸೂತಕದ ಮನೆ, ಆಗಲ್ಲ ಅಂದ ಚಿಕ್ಕೋನು. ಸಾಹುಕಾರನ ಮಗ ಬುದ್ಧಿವಂತ. ಇವನು ಅವ್ವನ ಕ್ಯಾಸೆಟ್ಟು ಸವೆದೀತು ಅಂತ ಒದ್ದಾಡುತ್ತಿದ್ದದ್ದು ಅವನಿಗೆ ಗೊತ್ತಿತ್ತು. ಬೆಂಗಳೂರಿನಲ್ಲಿ ಒಳ್ಳೆಯ ಕ್ಯಾಸೆಟ್ಟಿಗೆ ಕಾಪಿ ಮಾಡಿಸಿಕೊಡ್ತೀವಿ ಅಂದ. ಇವನು ಕರಗಿದ. ಅವರು ತಂದಿದ್ದ ಕ್ಯಾಸೆಟ್ಟನ್ನು ಇವನ ಟೇಪ್ ರೆಕಾರ್ಡರ್ ನುಂಗಿಹಾಕಿತು. ಅಂಗಡಿಗೆ ಹೋಗುವಷ್ಟು ಹೊತ್ತಿರಲಿಲ್ಲ. ಅವ್ವನದನ್ನೇ ತೆಗೆದು ಮಗುಚಿ ಹಾಕಿದ.

"ಅವ್ವ ಒಂದು ಕಡೆ ಇರ್ಲಿ, ನೀವು ಇನ್ನೊಂದು ಕಡೆ ಇರಿ" ಅಂದ.

ಬೀದಿಯ ಮಗ್ಗಗಳು ಓಡುತ್ತಿದ್ದವು, ಇವರು ಬಾರಿಸುತ್ತಿದ್ದರು. ಮುಂದಿನ ಪಡಸಾಲೆಯಲ್ಲಿ ದೊಡ್ಡೋನು ಸಾವು ಕೇಳಲು ಬಂದ ನೆಂಟರ ನಡುವೆ ಕೂತಿದ್ದ. ಕರೆಂಟು ಹೋಯಿತು. ಗಿಟಾರು ಸತ್ತವು. ಡ್ರಮ್ಮಿನವನು ಕಣ್ಣು ಮುಚ್ಚಿಕೊಂಡು ಹೊಡೆಯುತ್ತಲೇ ಇದ್ದ. ಇಡೀ ಬೀದಿ ಸತ್ತಂತೆ ಬಿದ್ದಿರುವಾಗ ಹೆಣ ಹೋದ ಮನೆಯ ಹಿತ್ತಲಿಂದ ಢಬ ಢಬ ಅಂತ...

ದೊಡ್ಡೋನು ಬಂದ. ಮಗ್ಗದಲ್ಲಿ ಲಾಳಿಯನ್ನು ತಳ್ಳುವ ಕೋಲು ಇರುತ್ತದೆ, ಮೊಳಕ್ಕಿಂತ ಉದ್ದ, ಕಬ್ಬಿಣದಂಥ ಮರ. ಮೂಲೆಯಲ್ಲಿದ್ದ ಅದನ್ನು ಎತ್ತಿಕೊಂಡ. ಮೊದಲ ಏಟಿಗೆ ಡ್ರಮ್ಮು ಹರಿಯಿತು, ಎರಡನೆಯದಕ್ಕೆ ಆ ಹುಡುಗನ ಹುಬ್ಬು. ಮಿಕ್ಕವರು ಗೋಡೆಗೆ ಅಂಟಿದರು. ಆಮೇಲೆ ತಮ್ಮನ ಕಡೆ ತಿರುಗಿದ.

"ಅವ್ವನ ಸೂತಕದಾಗೆ ತಮಟೆ ಹೊಡಿಸ್ತೀಯೇನ್ಲಾ?"

ಬೆನ್ನಿಗೆ ಬಿತ್ತು, ಭುಜಕ್ಕೆ ಬಿತ್ತು. ಚಿಕ್ಕೋನು ಕೂಗಿದನೇ ಹೊರತು ತಡೆಯಲಿಲ್ಲ. ದೊಡ್ಡೋನ ಕಣ್ಣು ಟೇಪ್ ರೆಕಾರ್ಡರಿನ ಮೇಲೆ ಹೋಯಿತು. ಅದನ್ನು ಪುಡಿ ಮಾಡಲು ಕೋಲು ಎತ್ತಿದ. ಆಗ ಈ ಪುಕ್ಕಲ ಅದರ ಮೇಲೆ ಕವುಚಿ ಬಿದ್ದು ಎರಡೂ ಕೈ ಸುತ್ತಿದ. ಏಟು ಬೆರಳ ಮೇಲೆ ಬಿತ್ತು. ಕಬ್ಬು ಮುರಿದಂತೆ ಸದ್ದು. ಇನ್ನೊಂದು ಸಲ. ಮತ್ತೊಂದು ಸಲ. ಕೈ ಬಿಡಲಿಲ್ಲ.

ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಾನು ಒನಕೆ ಹಿಡಿದು ನುಗ್ಗಿ ದೊಡ್ಡೋನ ಭುಜಕ್ಕೆ ಬೀಸಿದೆ. ಅವನು ನನ್ನನ್ನು ಒಂದೇ ಕೈಯಲ್ಲಿ ಎಸೆದ. ಗೋಡೆಗೆ ಬಡಿದು ತುಟಿ ಸೀಳಿತು. ಬಾಯಿ ತುಂಬ ರಕ್ತ ಇಟ್ಟುಕೊಂಡೇ ಕಿರುಚಿದೆ.

"ನಿಮ್ಮವ್ವ ಅವ್ಳೆ ಕಣೋ ಅದ್ರೊಳಗೆ, ಮುಂಡೇಮಗನೇ."

ಕೋಲು ಮೇಲೇ ನಿಂತಿತು.

ಹುಡುಗರು ಓಡುವ ಮುಂಚೆ ಚಿಕ್ಕೋನು ನೆಲದಲ್ಲಿ ಬಿದ್ದುಕೊಂಡೇ ನನಗೆ ಹೇಳಿದ. "ಕೊಟ್ಬಿಡಕ್ಕ. ಇಲ್ಲಿದ್ರೆ ಇವ್ನು ಒಲೆಗೆ ಹಾಕ್ತಾನೆ. ಅವ್ರು ಕಾಪಿ ಮಾಡ್ಸ್ಕೊಂಡು ತರ್ತಾರೆ." ಡಬ್ಬಿಯನ್ನು ಯಾರೋ ತುಳಿದಿದ್ದರು. ಅವನ ಬೆರಳು ಮುರಿದಿದ್ದವಲ್ಲ, ಕಂಡಿಕೆಯಿಂದ ನೂಲು ಹರಿದು ನಾನೇ ಕಟ್ಟಿ ಕೊಟ್ಟೆ.

ಅವರು ತರಲಿಲ್ಲ.

ಬೆರಳು ಕೂಡಿದವು, ಸೊಟ್ಟಗೆ. ಗಂಟು ಹಾಕಲು ಆಗಲೇ ಇಲ್ಲ. ಅನ್ನ ಕಲಸಲೂ ಆಗದ ತಿಂಗಳುಗಳಲ್ಲಿ ದೊಡ್ಡೋನೇ ಬಾಯಿಗೆ ಇಡುತ್ತಿದ್ದ, ಮುಖ ಆ ಕಡೆ ಮಾಡಿಕೊಂಡು. ತಪ್ಪಾಯಿತು ಅಂತ ಒಂದು ದಿನವೂ ಹೇಳಲಿಲ್ಲ. ಆದರೆ ನನ್ನ ಹತ್ತಿರ ಬಂದು ಕೇಳುತ್ತಿದ್ದ, ಅವ್ವ ಅದರಲ್ಲಿ ಏನಂದಳು ಅಂತ. ಹೇಳುತ್ತಿದ್ದೆ. ಮತ್ತೆ ಕೇಳುತ್ತಿದ್ದ.

ಹುಡುಗರ ಫೋಟೋ ಪೇಪರಿನಲ್ಲಿ ಬರುವಷ್ಟು ದೊಡ್ಡವರಾದ ಮೇಲೆ ಅಣ್ಣತಮ್ಮ ಇಬ್ಬರೂ ಕ್ಯಾಸೆಟ್ಟು ಕೇಳಲು ಬೆಂಗಳೂರಿಗೆ ಹೋದರು. ಆ ಹುಡುಗರಿದ್ದ ಕಡೆ ಗೇಟಿನ ಕಾವಲಿನವನು ಚಿಕ್ಕೋನ ಎದೆಗೆ ಕೈ ಹಾಕಿ ತಳ್ಳಿದ. ದೊಡ್ಡೋನು ಅವನ ಕುತ್ತಿಗೆ ಹಿಡಿದು ಹಲ್ಲು ಉದುರುವ ತನಕ ಗೇಟಿಗೆ ಬಡಿದ. ಪೊಲೀಸರು ಇಬ್ಬರನ್ನೂ ಒಳಗೆ ಹಾಕಿ ಚರ್ಮ ಸುಲಿದು ಕಳಿಸಿದರು. ಮೇಲಿನ ಕಿಟಕಿಯಲ್ಲಿ ಒಬ್ಬ ನಿಂತು ನೋಡುತ್ತಿದ್ದನಂತೆ, ಹುಬ್ಬಿನ ಮೇಲೆ ಹಳೆಯ ಗಾಯದ ಗೆರೆ. ಇಳಿದು ಬರಲಿಲ್ಲ.

ಚಿಕ್ಕೋನನ್ನು ದಾಬಸ್‌ಪೇಟೆ ರಸ್ತೆಯಲ್ಲಿ ಟಿಪ್ಪರ್ ಹೊಡೆದು ಸಾಯಿಸಿತು. ಮುಖ ಗುರುತು ಸಿಗದೆ ಬೆರಳು ನೋಡಿ ಹೇಳಿದವಳು ನಾನು. ದೊಡ್ಡೋನು ಅದೇ ವರ್ಷ ಹೋದ. ಕೊಟ್ಟಿಗೆ ಇದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳು.

ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ನನ್ನ ತುಟಿಯ ಗಾಯವನ್ನೇ ನೋಡುತ್ತಿದ್ದಳು. ಕ್ಯಾಸೆಟ್ಟಿನ ಇನ್ನೊಂದು ಕಡೆ ಹಾಕು ಅಂದೆ. ಹುಡುಕಿದಳು.

"ಅದನ್ನ ಹಾಕಿಲ್ಲ ಅಜ್ಜಿ. ಇನ್ನೊಂದು ಕಡೆ ಯಾರೋ ಮುದುಕಿಯ ಮಾತು, ಬ್ಯಾಂಡಿಗೆ ಸಂಬಂಧ ಇಲ್ಲ ಅಂತ ಬರ್ದವ್ರೆ."

ಹಾಗಾದರೆ ಇದನ್ನೇ ಪೂರ್ತಿ ಹಾಕು ಅಂದೆ. ಹಾಡು, ಹಾಡು ನಿಂತದ್ದು, ಡ್ರಮ್ಮು, ಏಟು, ನನ್ನ ಗಂಟಲು. ಅದರ ನಂತರ ದೊಡ್ಡೋನು "ಯಾರವ್ಳೆ?" ಅಂತ ಕೇಳಿದ್ದು, ಮಗುವಿನ ಹಾಗೆ. ಚಿಕ್ಕೋನು ತಲೆ ಎತ್ತಿ ಏನೋ ಹೇಳಿದ. ಅವನ ತುಟಿ ಅಲ್ಲಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಏನಂದ ಅಂತ ಅವತ್ತು ಕೇಳಿಸಿರಲಿಲ್ಲ. ಇದರಲ್ಲಾದರೂ ಇರಬಹುದು ಅಂತ ಮೊಬೈಲನ್ನು ಕಿವಿಗೆ ಒತ್ತಿಕೊಂಡೆ.

ಅವತ್ತಿನ ಹಾಗೇ ಇದರಲ್ಲೂ ಅಷ್ಟರಲ್ಲಿ ಕರೆಂಟು ಬಂದಿತ್ತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಶುರುವಾದವು.