ಮೂರನೇ ಪಿನ್ನಿಗೊಂದು ಗುಂಡಿ

ಶಹಾಬಾದಿನ ಈ ಓಣಿಯಲ್ಲಿ ಬೆಳಕು ಹರಿಯುವ ಮುಂಚೆ ಕೆಲಸಕ್ಕೆ ಕೂರುವವರು ಇಬ್ಬರು. ಒಬ್ಬರು ಖಾನಾವಳಿಗೆ ರೊಟ್ಟಿ ಬಡಿದುಕೊಡುವ ಜಾನಬಿ. ಇನ್ನೊಬ್ಬರು ಪಕ್ಕದ ರಿಪೇರಿ ಅಂಗಡಿಯ ಪರದೆಯ ಹಿಂದೆ ಕೂರುವ ಮುಸರತ. ದೀಪ ಹಾಕುವ ಮೊದಲು ಮುಸರತ ಕೊಡ ಎತ್ತಿಕೊಂಡು ಅಂಗಡಿಯ ಮಗ್ಗುಲ ಸಂದಿಗೆ ಬರುತ್ತಾರೆ. ಅಲ್ಲಿ ಫರಶಿ ಕಲ್ಲು ಕಿತ್ತು ತೋಡಿದ ಗುಂಡಿಯೊಂದಿದೆ. ಅದರ ಬಾಯಿಗೆ ಮುಚ್ಚಿದ ಕಲ್ಲು ಸರಿಸಿ, ಕೊಡ ಬಾಗಿಸಿ, ನೆಲ ಕುಡಿಯುವಷ್ಟು ನಿಧಾನಕ್ಕೆ ನೀರು ಹೊಯ್ಯುತ್ತಾರೆ. ಗುಂಡಿಯಲ್ಲಿ ಗಿಡವಿಲ್ಲ, ಬಳ್ಳಿಯಿಲ್ಲ.

"ಏನರೆ ಮೊಳಕಿ ಬಂತೇನ ಮುಸರತ?" ಜಾನಬಿ ಒಲೆಯ ಮುಂದಿನಿಂದಲೇ ಕೆಣಕುತ್ತಾರೆ.

"ಬರ್ತದ ತಗೋ ಆಪಾ. ಮೊದಲನೇ ಕಾಯಿ ನಿನಗೇ."

"ನನ್ನ ಮಯ್ಯತ್ ಎದ್ದು ಗೋರಿಗಿ ಹೋದಮ್ಯಾಲ ಕೊಡ್ತಿ, ಗೊತ್ತದ ನನಗ!"

ಮುಸರತ ನಗುತ್ತಾರೆ. ಆದರೆ ನೀರು ಹೊಯ್ಯುವ ಕೈ ನಗುವುದಿಲ್ಲ. ಕೊನೆಯ ಹನಿಯವರೆಗೂ ಕೊಡ ಅಲುಗದಂತೆ ಹಿಡಿದಿರುತ್ತದೆ. ಆ ಗುಂಡಿಯ ತಳದಿಂದ ಒಂದು ತಂತಿ ಗೋಡೆಯ ತೂತಿನ ಮೂಲಕ ಒಳಗೆ ಹೋಗಿದೆ. ಅದು ಹೋಗಿ ಸೇರುವ ಜಾಗದಲ್ಲಿ ಮುಸರತರ ಕೆಲಸ ಇದೆ.

ಅವರ ಮುಂದೆ ಬಟಾಣಿ ಕಾಳಿಗಿಂತ ತುಸು ದೊಡ್ಡದಾದ ಯಂತ್ರವೊಂದು ಬಾಯಿ ತೆರೆದು ಬಿದ್ದಿದೆ. ಕಿವಿ ಕೇಳದವರು ಹಾಕಿಕೊಳ್ಳುವ ಮಷೀನು. ಅದರೊಳಗಿನ ತಂತಿ ಕೂದಲೆಳೆಯಷ್ಟು. ಬೆವರು ಮತ್ತು ಕಲ್ಲಿನ ಪುಡಿ ಸೇರಿ ಅದರ ಬೆಸುಗೆಯನ್ನು ತಿಂದುಹಾಕಿವೆ. ದೇಶದ ಎಷ್ಟೋ ಮನೆಗಳ ನೆಲಕ್ಕೆ ಹಾಸುವ ಫರಶಿಯನ್ನು ಈ ಊರು ಕೊಯ್ದು, ಉಜ್ಜಿ ಕಳಿಸುತ್ತದೆ. ಕೊಯ್ದವರ ಕಿವಿ ಇಲ್ಲೇ ಉಳಿಯುತ್ತದೆ. ಗಣಿಯಲ್ಲಿ, ಪಾಲಿಶ್ ಮಷೀನಿನ ಪಕ್ಕದಲ್ಲಿ ಆಯುಷ್ಯ ಕಳೆದವರ ಮಷೀನುಗಳು ವಾಡಿ, ಚಿತ್ತಾಪುರ, ಸೇಡಂ, ಆಡಕಿಯಿಂದಲೂ ಈ ಪರದೆಯ ಹಿಂದೆ ಬರುತ್ತವೆ. "ಇದು ರಿಪೇರಿ ಆಗಂಗಿಲ್ಲ, ಹೊಸಾದು ತಗೋರಿ" ಎಂದು ಬೇರೆ ಕಡೆ ಹೇಳಿಸಿಕೊಂಡು ಬಂದವೇ ಎಲ್ಲ.

ಬಂದವರು ಮುಸರತರನ್ನು ನೋಡುವುದಿಲ್ಲ. ಮುಂದಿನ ಕೌಂಟರಿನಲ್ಲಿ ಕೂರುವ ಮೈದುನ ಮುಜೀಬನನ್ನು 'ಉಸ್ತಾದ್' ಎನ್ನುತ್ತಾರೆ. ಬೋರ್ಡಿನ ಮೇಲಿರುವುದೂ ಅವನ ಹೆಸರೇ. ಮೊಬೈಲ್ ಕವರು, ಚಾರ್ಜರು ಮಾರುವ ಮುಜೀಬ ಮಷೀನು ಇಸಿದುಕೊಂಡು ಪರದೆಯ ಒಳಗೆ ಕೈ ಚಾಚುತ್ತಾನೆ. ಸರಿಯಾದ ಮೇಲೆ ಅದೇ ಪರದೆಯಿಂದ ಒಂದು ಕೈ ಹೊರಗೆ ಬರುತ್ತದೆ. ಗಿರಾಕಿ ಉಸ್ತಾದನಿಗೆ ಸಲಾಂ ಹೇಳಿ ಹೋಗುತ್ತಾನೆ.

ಚಿಂಚೋಳಿಯ ಮಗಳು ಮುಸರತ. ಈ ವಿದ್ಯೆ ಕಲಿಸಿದ್ದು ಗಂಡ ಇಸಾಕ. ರೇಡಿಯೋ, ಟೇಪು ರಿಪೇರಿ ಮಾಡುತ್ತಿದ್ದವರು. "ಅವರಿಗಿ ಸಣ್ಣದು ಕಾಣಸ್ತಿದ್ದಿಲ್ರಿ. ನಾ ತಂತಿ ಹಿಡೀತಿದ್ದೆ, ಅವರು ಐರನ್ ಇಡ್ತಿದ್ರು. ಆಮ್ಯಾಲ ಅವರು ಹಿಡದ್ರು, ನಾ ಇಟ್ಟೆ. ಜಗಳಾನೂ ಅಷ್ಟೇ ಆಗ್ತಿತ್ತು, ನಗುನೂ ಅಷ್ಟೇ." ಇಸಾಕ ಎದೆಬೇನೆಯಿಂದ ತೀರಿಕೊಂಡ ಮೇಲೆ ಅಂಗಡಿ ತಮ್ಮನ ಪಾಲಿಗೆ ಬಂತು. ಬೆಸುಗೆ ಹಾಕುವ ಐರನ್ನು ಹೆಂಡತಿಯ ಪಾಲಿಗೆ.

ಅದು ನೇರ ಕರೆಂಟಿಗೆ ಸಿಕ್ಕಿಸುವ ಹಳೆಯ ಐರನ್ನು. ಕಾವು ಹೆಚ್ಚು ಕಡಿಮೆ ಮಾಡಲು ಅದಕ್ಕೆ ತಿರುಪಿಲ್ಲ. ಬೆಳಿಗ್ಗೆ ಪಾಲಿಶ್ ಕಾರ್ಖಾನೆಗಳು ಶುರುವಾದವೋ, ಓಣಿಯ ವೋಲ್ಟೇಜು ಬಸವಳಿಯುತ್ತದೆ. ಐರನ್ನಿನ ತುದಿ ಬೆಸುಗೆಯನ್ನು ಕರಗಿಸದೆ ಹಿಟ್ಟಿನಂತೆ ಮೆತ್ತುತ್ತದೆ. ಕಾರ್ಖಾನೆ ನಿಂತ ಗಳಿಗೆಯಲ್ಲಿ ಅದೇ ತುದಿ ಕೆಂಪೇರಿ ಕೂದಲೆಳೆ ತಂತಿಯನ್ನು ಸುಡುತ್ತದೆ. ಮುಸರತ ಬೆಳಗಿನ ಜಾವವನ್ನು ಹಿಡಿದದ್ದು ಇದಕ್ಕೆ. ಆ ಹೊತ್ತಿಗೆ ಕರೆಂಟು ಒಂದೇ ಸಮ ಇರುತ್ತದೆ. ಎಣ್ಣೆ ಕಾದಿದೆಯೋ ಇಲ್ಲವೋ ಎಂದು ಅಡುಗೆಯವರಿಗೆ ತಿಳಿಯುವಂತೆ ಹತ್ತಿರ ಹಿಡಿದ ಐರನ್ನಿನ ಹದ ಅವರ ಕೆನ್ನೆಗೆ ತಿಳಿಯುತ್ತದೆ.

ಆದರೂ ಅವರಿಗೊಂದು ಸೋಲ್ಡರಿಂಗ್ ಸ್ಟೇಷನ್ ಬೇಕಿತ್ತು. ಕಾವನ್ನು ತಾನೇ ಹದವಾಗಿ ಹಿಡಿದಿಡುವ ಡಬ್ಬಿ, ಅದಕ್ಕೆ ಜೋಡಿಸಿದ ಹಗುರ ಐರನ್ನು. ಅದಿದ್ದರೆ ಹಗಲಲ್ಲೂ ಕೆಲಸ ಮಾಡಬಹುದು. ಎಂಥದನ್ನು ಆರಿಸಬೇಕು ಎಂದು ಕೇಳಿದರೆ ಮುಸರತ ಸೀರೆ ಆರಿಸುವವರಂತೆ ಬೆರಳುಗಳನ್ನು ಉಜ್ಜುತ್ತಾರೆ.

"ಮೊದಲ ಹಿಡಿ ಎತ್ತಿ ನೋಡಬೇಕ್ರಿ. ಪೆನ್ನಿನಂಗ ಹಗುರ ಇರಬೇಕು. ಅದರ ವಾಯರ್ ಮೆತ್ತಗ ಇರಬೇಕು, ಸೆಟದು ನಿಂತ್ರ ಕೈ ಜಗ್ಗತದ. ಲೈಟು, ಅಂಕಿ ಎಷ್ಟ್ ಹೊಳಿತಾವ ಅಂತ ನೋಡಬಾರದು. ದಪ್ಪನ ತಾಮ್ರಕ್ಕ ತುದಿ ಹಚ್ಚಬೇಕು, ಕಾವು ಇಳದು ಎಷ್ಟ್ ಲಗು ತಿರುಗಿ ಬರ್ತದ ನೋಡಬೇಕು. ಅದು ಅಸಲು. ತುದಿ ಸವದ್ರ ಅದರ ಜೋಡಿ ತುದಿ ಬಜಾರದಾಗ ಸಿಗಬೇಕು, ಇಲ್ಲಂದ್ರ ಡಬ್ಬಿ ಮನ್ಯಾಗಿಟ್ಟು ಪೂಜಿ ಮಾಡಬೇಕಾಗ್ತದ. ಮತ್ತ ಪಿನ್ನು ಮೂರ ಇರಬೇಕು. ಆ ಮೂರನೇ ಪಿನ್ನಿನಿಂದ ಐರನ್ ತುದಿ ತನಕ ಅರ್ಥಿಂಗ್ ಬಂದಿರಬೇಕು. ಅದು ಇಲ್ಲಂದ್ರ ಉಳದದ್ದು ಎಲ್ಲಾ ಇದ್ದೂ ಉಪಯೋಗ ಇಲ್ಲ."

ಮುಜೀಬ ಹೈದರಾಬಾದಿಗೆ ಹೊರಟಾಗ ಇಷ್ಟನ್ನೂ ಹೇಳಿದರು. ತಾವೂ ಬರುತ್ತೇನೆಂದರು. "ಗಂಡಸರ ಬಜಾರ ಅದು ಭಾಭಿ. ಅಲ್ಲಿ ನಿಂತು ಐರನ್ ಹಿಡದ್ರ ಮಂದಿ ಏನಂತಾರ?" ಎಂದು ಮುಜೀಬ ಒಬ್ಬನೇ ರೈಲು ಹತ್ತಿದ. ಮಧ್ಯಾಹ್ನ ಫೋನಿಗೆ ಫೋಟೋ ಬಂತು. "ಫೋಟೋದಾಗ ಹಿಡಿ ಹಗುರ ಅದನೋ ಒಜ್ಜಿ ಅದನೋ ಹೆಂಗ ಗೊತ್ತಾಗಬೇಕ್ರಿ? ಬ್ಯಾಡ, ಇನ್ನೊಂದು ನೋಡು ಅಂತ ಹೇಳಿದೆ. ಆಗಲೇ ರೊಕ್ಕ ಕೊಟ್ಟು ಕಟ್ಟಸೀನಿ ಭಾಭಿ ಅಂದ."

ಬಂದದ್ದು ಎರಡು ಸಾಲು ನೀಲಿ ಅಂಕಿಗಳು ಹೊಳೆಯುವ, ಬಿಸಿಗಾಳಿಯ ಕೊಳವೆಯೂ ಇರುವ ದೊಡ್ಡ ಡಬ್ಬಿ. ಹಿಡಿ ಸುತ್ತಿಗೆಯ ಹಿಡಿಕೆಯಂತೆ ದಪ್ಪ. ಮುಜೀಬ ಅದನ್ನು ಕೌಂಟರಿನ ಮೇಲೇ ಇಟ್ಟ. ಅವನ ಕಾರಣ ಅವನಿಗಿತ್ತು. "ಮಷೀನ್ ಕಣ್ಣಿಗಿ ಕಂಡ್ರ ಗಿರಾಕಿ ನಂಬತಾನ್ರಿ. ಪರದಿ ಹಿಂದ ಇಟ್ಟು ಯಾರಿಗಿ ತೋರಸಲಿ?" ಐರನ್ನಿನ ಕೇಬಲ್ಲು ಮಾತ್ರ ಪರದೆಯ ಅಡಿಯಿಂದ ಒಳಗೆ ಬಂತು.

ಡಬ್ಬಿಗೆ ಪಿನ್ನು ಮೂರೇ ಇದ್ದವು. ಆದರೆ ಕೌಂಟರಿನ ಹಳೆಯ ಸ್ವಿಚ್ ಬೋರ್ಡಿಗೆ ಎರಡೇ ತೂತು. ಮುಜೀಬ ಈ ಓಣಿಯವರೆಲ್ಲ ಮಾಡುವುದನ್ನೇ ಮಾಡಿದ. ಇಕ್ಕಳದಿಂದ ಮೂರನೇ ಪಿನ್ನನ್ನು ಮುರಿದು ಬಿಸಾಡಿದ. ಇಲ್ಲಿ ಮಿಕ್ಸರು, ಫ್ರಿಜ್ಜು, ಇಸ್ತ್ರಿಪೆಟ್ಟಿಗೆ ಎಲ್ಲಕ್ಕೂ ಇದೇ ಗತಿ. ಅರ್ಥಿಂಗ್, ಅಂದರೆ ಸೋರುವ ಕರೆಂಟನ್ನು ನೆಲಕ್ಕಿಳಿಸುವ ದಾರಿ, ಬೇಕೆಂದರೆ ನೆಲ ಅಗೆದು, ಉಪ್ಪು ಇದ್ದಿಲು ತುಂಬಿ, ತಾಮ್ರದ ತಗಡು ಹೂಳಬೇಕು. ಅಗೆಯಲು ಇಲ್ಲಿ ಇರುವುದೇ ಕಲ್ಲು. ಫ್ರಿಜ್ಜು ಮುಟ್ಟಿದಾಗ ಕೈ ಜುಮ್ಮೆಂದರೆ ಚಪ್ಪಲಿ ಹಾಕಿಕೊಂಡು ಮುಟ್ಟುತ್ತಾರೆ.

ಆ ವಾರ ಗುಂಡಗುರ್ತಿಯಿಂದ ರೇವಣಪ್ಪ ಬಂದರು. ಫರಶಿ ಗಣಿಯಲ್ಲಿ ಉಳಿ ಹೊಡೆದು ಮುಪ್ಪಾದ ಜೀವ. ಅವರ ಕಿವಿಯ ಮಷೀನನ್ನು ಮುಸರತ ಹಿಂದೆಯೂ ಸರಿಮಾಡಿದ್ದರು. ಪರದೆ ಸರಿಸಿ ಒಳಗೆ ಬಂದು "ಯವ್ವಾ" ಎಂದು ಕರೆಯುತ್ತಿದ್ದ ಗಿರಾಕಿ ಅವರೊಬ್ಬರೇ. ತಂತಿ ಬಿಟ್ಟಿತ್ತು, ಅಷ್ಟೇ. ಮುಸರತ ಹೊಸ ಐರನ್ನಿನಿಂದ ಹಗಲು ಹೊತ್ತಿನಲ್ಲೇ ಬೆಸೆದರು. ಬೆಸುಗೆ ಪಾದರಸದ ಹನಿಯಂತೆ ಹೊಳೆಯಿತು. ಬ್ಯಾಟರಿ ಹಾಕಿದರೆ ಸದ್ದಿಲ್ಲ. ಬಿಚ್ಚಿದರು, ನೋಡಿದರು, ಮತ್ತೆ ಹಾಕಿದರು. ಸದ್ದಿಲ್ಲ. ಕೊನೆಗೆ ಏನೋ ಹೊಳೆದು ಟೆಸ್ಟರ್ ತೆಗೆದು ಐರನ್ನಿನ ತುದಿಗೆ ಮುಟ್ಟಿಸಿದರು. ಟೆಸ್ಟರಿನೊಳಗಿನ ಕೆಂಪು ದೀಪ ಹತ್ತಿತು.

"ಐರನ್ ಕೆಳಗಿಟ್ಟೆ ನೋಡ್ರಿ. ಎದ್ದು ಮುಂದ ಬಂದು ಪ್ಲಗ್ ನೋಡಿದೆ. ಎರಡೇ ಪಿನ್ನು. ನೆಲಕ್ಕ ಹೋಗಬೇಕಾದ ಕರೆಂಟು ನನ್ನ ಕೈಲೇ ಕಾಕಾನ ಮಷೀನಿಗಿ ಹೋಗಿತ್ತು."

ಮುಜೀಬ ರೇವಣಪ್ಪನ ಕಿವಿಗೆ ಬಾಯಿ ಹಚ್ಚಿ, "ಹಳೇದಾಗಿತ್ತು ಕಾಕಾ, ಸತ್ತದ!" ಎಂದು ಕೂಗಿದ. ಆಮೇಲೆ ಇತ್ತ ತಿರುಗಿ, ಸಣ್ಣ ದನಿಯಲ್ಲಿ, "ಹೆಂಗಸರ ಕೈಯಾಗ ಹೊಸ ಮಷೀನ್ ಕೊಟ್ಟಿದ್ದು ನಂದೇ ತಪ್ಪು" ಎಂದ. ರೇವಣಪ್ಪನಿಗೆ ಎರಡೂ ಕೇಳಿಸಲಿಲ್ಲ. ಅವರು ನೋಡುತ್ತಿದ್ದದ್ದು ಮುಸರತರ ಮುಖವನ್ನು. "ಸುಟ್ಟತೇನ ಯವ್ವಾ?" ಎಂದರು. ಮುಸರತ ಹೌದೆಂದು ತಲೆಯಾಡಿಸಿದರು.

ಗುಂಡಗುರ್ತಿಯ ಮನೆಯಲ್ಲಿ ರೇವಣಪ್ಪನ ಹೆಂಡತಿ ಚಂದಮ್ಮ ಮಾತಿಗೆ ಸಿಗುತ್ತಾರೆ. "ಮೊದಲ ಒದರತಿದ್ದೆ. ನಾ ಒದರಿದ್ರ ಓಣಿ ಮಂದಿ ಜಗಳಾ ಅಂತ ಬಂದು ನಿಂದ್ರತಾರ. ಈಗ ಬಿಟ್ಟೀನಿ ನೋಡ್ರಿ. ಊಟಕ್ಕ ಗಂಗಾಳ ಬಡದು ತೋರಸ್ತೀನಿ. ಮೊನ್ನಿ ಮೊಮ್ಮಗಳ ಲಗ್ನದ ಮಾತಾತು, ಇವರ ಮುಂದೇ ಆತು. ಎಲ್ಲಾರೂ ಎದ್ದಮ್ಯಾಲ, ಯಾಕ ಬಂದಿದ್ರು ಅವರು ಅಂತ ಕೇಳಿದ್ರು." ಚಂದಮ್ಮ ನಗಲು ಹೋಗಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ.

ಮುಸರತ ಮುರಿದ ಪಿನ್ನನ್ನು ಕಸದಿಂದ ಹುಡುಕಿ ತೆಗೆದರು. ಅರ್ಥಿಂಗ್ ಹಾಕಿಕೊಡೆಂದು ಕೇಳಿದ್ದಕ್ಕೆ ಲೈನ್ ಕೆಲಸದವರು, "ಕಲ್ಲಾಗ ಯಾರ ಹಾಕತಾರ ಅಕ್ಕಾ? ಆ ಪಿನ್ನು ಬರೇ ಶೋಕಿಗಿ" ಎಂದು ನಕ್ಕು ಹೋದರು. ಮುಜೀಬ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ರೇವಣಪ್ಪ ತಮ್ಮ ಸತ್ತ ಮಷೀನನ್ನು ವಾಪಸು ಒಯ್ಯಲು ಬಂದ ದಿನ, ಮುಸರತ ಟೆಸ್ಟರ್ ಹಚ್ಚಿ ಕೆಂಪು ದೀಪ ತೋರಿಸಿದರು. ಮುರಿದ ಪಿನ್ನು ತೋರಿಸಿದರು. ಆಮೇಲೆ ನೆಲದ ಕಡೆ ಬೆರಳು ಮಾಡಿದರು. ಮುದುಕ ಬಹಳ ಹೊತ್ತು ನೆಲ ನೋಡಿದರು. ಮಷೀನು ಅಲ್ಲೇ ಬಿಟ್ಟು ಎದ್ದು ಹೋದರು.

ಮರುದಿನ ಬೆಳಗಾಗುವಾಗ ಸಂದಿಯಲ್ಲಿ ಉಳಿಯ ಸದ್ದು. ರೇವಣಪ್ಪ ಉಳಿ, ಸುತ್ತಿಗೆ, ಹಾರೆ ತಂದು ಫರಶಿ ಎಬ್ಬಿಸುತ್ತಿದ್ದರು. ಈ ನೆಲದ ಕಲ್ಲು ರೊಟ್ಟಿ ಒಟ್ಟಿದಂತೆ ಪದರ ಪದರ. ಪದರದ ಸಂದು ತಿಳಿದವರಿಗೆ ಮಾತ್ರ ಬಿಟ್ಟುಕೊಡುತ್ತದೆ. ಎದೆಮಟ್ಟ ಇಳಿದ ಮೇಲೆ ತಣ್ಣನೆಯ ಜೇಡಿಮಣ್ಣು ಸಿಕ್ಕಿತು. ಒಂದು ಹಿಡಿ ಎತ್ತಿ ಮುಸರತರ ಕೈಗೆ ಹಾಕಿ, "ಸಾಕೇನ?" ಎಂದರಂತೆ. ತಮ್ಮ ದನಿ ತಮಗೇ ಕೇಳದ್ದರಿಂದ ಓಣಿಗೆಲ್ಲ ಕೇಳುವಂತೆ ಅಂದಿದ್ದರು. ಜಾನಬಿ ಒಲೆಯ ಇದ್ದಿಲು ಕೊಟ್ಟರು. ಉಪ್ಪು, ಇದ್ದಿಲಿನ ನಡುವೆ ತಾಮ್ರದ ತಗಡು ಕೂತಿತು. ಮುಸರತ ಪರದೆಯ ಹಿಂದೆ ಮೂರು ತೂತಿನ ಬೋರ್ಡು ಕೂರಿಸಿ, ಡಬ್ಬಿಗೆ ಮೂರು ಪಿನ್ನಿನ ಬೇರೆ ವಾಯರು ಹೊಂದಿಸಿದರು. ತೇವ ಆರದಂತೆ ಗುಂಡಿಗೆ ದಿನವೂ ನೀರು ಬೇಕು.

ಆದರೂ ಡಬ್ಬಿಯ ಜಾಗ ಕೌಂಟರೇ. ಹಗಲು ಪೂರ್ತಿ ಅದು ನೀಲಿ ಅಂಕಿ ಹೊಳೆಸುತ್ತ ಮುಜೀಬನ ಮೊಣಕೈ ಪಕ್ಕ ಕೂರಬೇಕು. ಮೂರು ತೂತಿನ ಬೋರ್ಡು ಇರುವುದು ಪರದೆಯ ಹಿಂದೆ. ಹಾಗಾಗಿ ಹಗಲಲ್ಲೂ ಕೆಲಸ ಮಾಡಬೇಕೆಂದು ಬಯಸಿ ತರಿಸಿದ ಸ್ಟೇಷನ್ನು ಮುಸರತರಿಗೆ ಸಿಗುವುದು ಬೆಳಗಿನ ಜಾವದಲ್ಲೇ. ಅಂಗಡಿ ತೆರೆಯುವ ಮುನ್ನ ಒರೆಸಿ ಮುಂದೆ ಇಟ್ಟುಬಿಡುತ್ತಾರೆ. "ಮುಜೀಬ ಕೆಟ್ಟಾಂವ ಅಲ್ರಿ," ಎನ್ನುತ್ತಾರೆ. ಆಮೇಲೆ, "ಕೆಟ್ಟಾಂವ ಇದ್ದಿದ್ರ ಚಲೋ ಇತ್ತು. ಜಗಳಾ ಮಾಡಲಿಕ್ಕಿ ಬರ್ತಿತ್ತು."

ಆ ದಪ್ಪ ಹಿಡಿಯಿಂದ ಹೆಬ್ಬೆರಳಿನ ಬುಡ ಊದಿಕೊಂಡಿದೆ. ಅಂಗಡಿಯ ಬೋರ್ಡಿನ ಮೇಲೆ ಹೆಸರು ಬೇಡವೇ ಎಂದರೆ ತಲೆ ಅಲ್ಲಾಡಿಸುತ್ತಾರೆ. "ಹೆಸರು ತಗೊಂಡು ಏನ ಮಾಡಲಿ? ಒಂದ್ ಸಲ ಆ ಬಜಾರಕ್ಕ ನಾನೇ ಹೋಗಬೇಕು. ಅಂಗಡಿ ಅಂಗಡಿ ತಿರುಗಿ ಹಿಡಿ ಎತ್ತಿ ನೋಡಬೇಕು. ಮಂದಿ ನೋಡಿದ್ರ ನೋಡಲಿ."

ಪಾಲಿಶ್ ಕಾರ್ಖಾನೆಯ ಮೊದಲ ಕಿರುಚು ಕೇಳುವುದಕ್ಕೆ ಇನ್ನೂ ಹೊತ್ತಿದೆ. ಪರದೆ ಸರಿಯುತ್ತದೆ. ರೇವಣಪ್ಪ. ಇವತ್ತು ಅವರ ಕೈಯಲ್ಲಿರುವುದು ಗಣಿಯ ಗೆಳೆಯನೊಬ್ಬನ ಮಷೀನು. ಅವರದೇ ಮಷೀನು ಮುಸರತರ ಡಬ್ಬದಲ್ಲಿ ಹತ್ತಿಯಲ್ಲಿ ಸುತ್ತಿಟ್ಟ ಹಾಗೇ ಇದೆ. ಅದು ಇನ್ನು ಮಾತಾಡುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತು. ಮುದುಕ ಫರಶಿಯ ಮೇಲೆ ಕೂರುತ್ತಾರೆ. ಮುಸರತ ಐರನ್ನು ಕಾಯಿಸಿ, ಕೆಲಸ ಶುರುಮಾಡುವ ಮುನ್ನ ಟೆಸ್ಟರಿನ ಮೊನೆಯನ್ನು ಅದರ ತುದಿಗೆ ಮುಟ್ಟಿಸಿ ಅವರ ಕಣ್ಣಿನ ಹತ್ತಿರ ಹಿಡಿಯುತ್ತಾರೆ. ದೀಪ ಹತ್ತುವುದಿಲ್ಲ. ರೇವಣಪ್ಪ ಬಗ್ಗಿ ನೋಡಿ, ಗೋಣು ಹಾಕುತ್ತಾರೆ.

"ಪ್ರತಿ ಸಲ ಹಿಂಗೇ ಮಾಡ್ತೀನ್ರಿ," ಎನ್ನುತ್ತಾರೆ ಮುಸರತ, ತಂತಿಯಿಂದ ಕಣ್ಣೆತ್ತದೆ. "ಹೇಳಿದ್ರ ಅವರಿಗಿ ಕೇಳಸಂಗಿಲ್ಲ. ಅದಕ್ಕ ತೋರಸ್ತೀನಿ."