ರಟ್ಟಕ್ಕನ ರಟ್ಟಿನ ಯಂತ್ರ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ದೊಡ್ಡಾಸ್ಪತ್ರೆಯ ಹಿಂಬದಿಯ ಇಳಿಜಾರಿನಲ್ಲಿ ಮೊದಲ ತಳ್ಳುಗಾಡಿ ಗಡಗಡ ಸದ್ದು ಮಾಡುತ್ತ ಲಾಂಡ್ರಿಯತ್ತ ಬರುತ್ತಿದೆ. ಬಾಗಿಲಲ್ಲಿ ಕಾದು ನಿಂತ ಹೆಂಗಸು ಮೊಣಕೈ ಮುಚ್ಚುವ ರಬ್ಬರ್ ಗವಸು ಏರಿಸಿ, ಮೂಗಿನ ಮೇಲಿನ ಬಟ್ಟೆ ಸರಿಮಾಡಿಕೊಂಡು, ಮೊದಲ ಗಂಟು ಬಿಚ್ಚುತ್ತಾರೆ. ರಾತ್ರಿಯಿಡೀ ರೋಗಿಗಳ ಮೈಕೆಳಗಿದ್ದ ಬೆಡ್‌ಶೀಟುಗಳು. ಅವುಗಳಲ್ಲಿ ಏನೇನು ಇರುತ್ತದೆ ಎಂಬುದನ್ನು ಇಲ್ಲಿ ಬರೆಯುವುದು ಬೇಡ. ವಾರದ ಪುರವಣಿಯನ್ನು ತಿಂಡಿಯ ತಟ್ಟೆ ಮುಂದಿಟ್ಟುಕೊಂಡು ಓದುವವರೇ ಹೆಚ್ಚು.

ಅವರ ಬೆರಳುಗಳು ಬಟ್ಟೆಯ ಅಂಚಿನುದ್ದಕ್ಕೂ ಓಡುತ್ತವೆ. ಬಾಯಿ ಪಕ್ಕದವಳ ಮಾತಿಗೆ ಉತ್ತರ ಕೊಡುತ್ತಿದ್ದರೂ ಬೆರಳು ಮಾತ್ರ ಹುಡುಕುತ್ತಲೇ ಇರುತ್ತದೆ. ಚಮಚ, ಪೆನ್ನು, ಬಾಚಣಿಗೆ, ಸೂಜಿ. "ಒಂದ್ಸಲ ಹಲ್ಲಿನ ಸೆಟ್ಟೇ ಸಿಕ್ತು. ಮೇಲಿಂದು, ಕೆಳಗಿಂದು, ಎರಡೂ. ನನ್ನ ನೋಡಿ ನಗ್ತಾ ಇತ್ತು. ನಾನೂ ನಕ್ಕು, ತೊಳೆದು, ವಾರ್ಡಿಗೆ ಕಳಿಸಿದೆ," ಎನ್ನುತ್ತಾರೆ.

ಸಂಬಳದ ಚೀಟಿಯಲ್ಲಿ ಅವರ ಹುದ್ದೆ 'ವಿಂಗಡಣೆ ಸಹಾಯಕಿ'. ಹಾಗೆಂದು ಕೇಳಿದರೆ ಆ ಆವರಣದಲ್ಲಿ ಯಾರೂ ದಾರಿ ತೋರಿಸುವುದಿಲ್ಲ. ರಟ್ಟಕ್ಕ ಎಲ್ಲಿದ್ದಾರೆ ಎಂದು ಕೇಳಬೇಕು. ಆಗ ಔಷಧಿ ಉಗ್ರಾಣದವನೂ ಅಡುಗೆಮನೆಯವಳೂ ಬೆರಳು ಚಾಚಿ ತೋರಿಸುತ್ತಾರೆ. ಆ ಹೆಸರಿನ ಹಿಂದೆ ಒಂದು ದೊಡ್ಡ ಎಡವಟ್ಟಿದೆ. ಎಡವಟ್ಟು ಮಾಡಿದವರು ಸ್ವತಃ ರಟ್ಟಕ್ಕನೇ, ಮತ್ತು ಅದನ್ನು ಹೇಳಿಕೊಳ್ಳಲು ಅವರಿಗೆ ಎಳ್ಳಷ್ಟೂ ಸಂಕೋಚವಿಲ್ಲ.

ಇವತ್ತು ಮಾತ್ರ ಅವರ ಕಣ್ಣು ಆಗಾಗ ಬಾಗಿಲ ಮೇಲಿನ ಪುಟ್ಟ ಪರದೆಯತ್ತ ಹೋಗುತ್ತಿದೆ. ಬಟ್ಟೆಗಳ ಹೋಗುಬರುವನ್ನು ಗಮನಿಸುವ ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಕೊಟ್ಟ ಪರೀಕ್ಷೆಯ ಅವಧಿ ಇವತ್ತಿಗೆ ಮುಗಿಯುತ್ತದೆ. ಬೆಳಿಗ್ಗೆಯೇ ಆಡಳಿತ ಮಂಡಳಿಯ ಸಭೆ. ಹಿಂದಿನ ಸಲದಂತೆ ಈ ಸಲವೂ ವ್ಯವಸ್ಥೆ ಮಕಾಡೆ ಮಲಗಿದರೆ ಲಾಂಡ್ರಿಗೆ ಬೀಗ ಬೀಳುತ್ತದೆ, ಕೆಲಸ ಹೊರಗಿನ ಗುತ್ತಿಗೆದಾರರ ಪಾಲಾಗುತ್ತದೆ, ಇಲ್ಲಿನ ಮೂವತ್ತು ಚಿಲ್ಲರೆ ಹೆಂಗಸರು ಮನೆ ದಾರಿ ಹಿಡಿಯಬೇಕು. "ಯಾರೂ ಹೋಗಲ್ಲ," ಎಂದು ರಟ್ಟಕ್ಕ ಕಡ್ಡಿ ಮುರಿದಂತೆ ಹೇಳುತ್ತಾರೆ. "ಯಂತ್ರ ಚೆನ್ನಾಗಿದೆ. ಮಾಡಿಸಿದ್ದು ನಾವೇ ಅಲ್ವಾ?"

ಲಾಂಡ್ರಿಯ ನಡುವೆ ನೆಲದಿಂದ ಸೂರಿನವರೆಗೆ ಒಂದು ಗೋಡೆಯಿದೆ. ಈಚೆ ಮಾಸಿದ ಬಟ್ಟೆ, ಆಚೆ ತೊಳೆದ ಬಟ್ಟೆ. ಒಗೆಯುವ ಯಂತ್ರಗಳು ಗೋಡೆಯೊಳಗೇ ಕೂತಿವೆ. ಈ ಕಡೆಯಿಂದ ತುಂಬಿದ್ದು ಆ ಕಡೆಯಿಂದ ಹೊರಬರುತ್ತದೆ. ಸೋಂಕು ದಾಟಬಾರದೆಂದು ಈಚಿನವರು ಆಚೆ ಕಾಲಿಡುವಂತಿಲ್ಲ. ಮುಖ ನೋಡಲು ಒಂದು ಗಾಜಿನ ಕಿಟಕಿ, ಅದೂ ಹಬೆಗೆ ಯಾವಾಗಲೂ ಮಬ್ಬು. ಪಕ್ಕದಲ್ಲಿ ಒಂದು ಗೋಡೆ ಫೋನು.

ಆಚೆ ಬದಿಯ ಇಸ್ತ್ರಿ ಮೇಜಿನಲ್ಲಿ ನಿಂತಿರುವವರು ರಟ್ಟಕ್ಕನ ಒಡಹುಟ್ಟಿದ ತಂಗಿ. ಅಕ್ಕತಂಗಿಯರು ಒಂದೇ ಬಸ್ಸಿನಲ್ಲಿ ಬಂದು, ಗೇಟಿನಲ್ಲಿ ಬೇರೆಯಾಗಿ, ಸಂಜೆ ಮತ್ತೆ ಒಂದೇ ಸೀಟಿನಲ್ಲಿ ಕೂತು ಮನೆಗೆ ಹೋಗುತ್ತಾರೆ. "ಅವಳು ಬಿಸಿಬಿಸಿ ಬೆಡ್‌ಶೀಟ್ ಮಡಚ್ತಾಳೆ, ಘಮ್ ಅಂತ ಮನೆಗೆ ಬರ್ತಾಳೆ. ನಾನು ಎಷ್ಟು ಸೋಪು ಉಜ್ಜಿದ್ರೂ ಅಷ್ಟೇ. ನಮ್ಮಮ್ಮ ಅಂತಿದ್ಳು, ಒಂದೇ ಹೊಟ್ಟೇಲಿ ಹುಟ್ಟಿ ಒಬ್ಳು ಕೊಳೆಗೆ, ಒಬ್ಳು ಬಿಳಿಗೆ ಅಂತ." ಬಸ್ಸಿನಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ ತಂಗಿ ಥಟ್ಟನೆ ಹೇಳುತ್ತಿದ್ದರು. ಅಕ್ಕ ಮಾತ್ರ "ಆಸ್ಪತ್ರೇಲಿ" ಎಂದಷ್ಟೇ ಹೇಳಿ ಕಿಟಕಿಯತ್ತ ತಿರುಗುತ್ತಿದ್ದರು. ಇಷ್ಟು ವರ್ಷ ಕೊಳೆ ಬಟ್ಟೆ ಬಿಡಿಸಿದರೂ, ತಾವು ಬಿಡಿಸಿಕೊಟ್ಟ ಬಟ್ಟೆ ಬೆಳ್ಳಗಾಗಿ ಹೊರಬರುವುದನ್ನು ಅವರು ಕಂಡೇ ಇರಲಿಲ್ಲ.

ಎರಡು ವರ್ಷಗಳ ಹಿಂದೆ ಆಸ್ಪತ್ರೆಯಲ್ಲಿ ಬಟ್ಟೆಗೆ ತತ್ವಾರ ಬಂತು. ಬೆಡ್‌ಶೀಟುಗಳು ಎಲ್ಲೆಲ್ಲೋ ಕರಗುತ್ತಿದ್ದವು. ಶುಭ್ರವಾದ ಬಟ್ಟೆ ಬಾರದೆ ಆಪರೇಷನ್‌ಗಳೇ ತಡವಾದವು. ಪರಿಹಾರವೆಂದು ಪ್ರತಿ ಬಟ್ಟೆಯ ಅಂಚಿನೊಳಗೆ ಅಂಗಿಯ ಗುಂಡಿಯಷ್ಟು ದೊಡ್ಡ ಎಲೆಕ್ಟ್ರಾನಿಕ್ ಟ್ಯಾಗ್ ಹೊಲಿಸಿದರು. ಬಟ್ಟೆ ಬಾಗಿಲು ದಾಟಿದಾಗಲೆಲ್ಲ ಯಂತ್ರ ತಾನೇ ಗುರುತು ಹಿಡಿಯಬೇಕು. ಟ್ಯಾಗ್ ಕೊಂಡಾಯಿತು, ಪರದೆ ಕೊಂಡಾಯಿತು, ಉದ್ಘಾಟನೆಯೂ ಆಯಿತು. ಮಾಸಿದ ಬಟ್ಟೆ ಬಿಡಿಸುವ ಕೋಣೆಗೆ ಮಾತ್ರ ಯಾರೂ ಬಂದು ನೋಡಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವುದು ಇದಕ್ಕೇ.

ಈಗ ರಟ್ಟಕ್ಕನ ಕೋಣೆಯ ಮೊದಲ ಪಾಠ ಕೇಳಿ. ಬಟ್ಟೆಯಲ್ಲಿ ಗಟ್ಟಿಯಾಗಿ ಏನೇ ಕೈಗೆ ಸಿಕ್ಕರೂ ಅದು ಶತ್ರು. ಹಿಂದೊಮ್ಮೆ ಬೆಡ್‌ಶೀಟಿನಲ್ಲಿ ಸೇರಿಕೊಂಡಿದ್ದ ಸೂಜಿ ಗೆಳತಿಯೊಬ್ಬಳ ಹೆಬ್ಬೆರಳಿಗೆ ಚುಚ್ಚಿತ್ತು. ರಕ್ತ ಪರೀಕ್ಷೆ, ಮಾತ್ರೆ ಎಂದು ಆಕೆ ತಿಂಗಳುಗಟ್ಟಲೆ ಜೀವ ಕೈಯಲ್ಲಿ ಹಿಡಿದು ಬದುಕಿದ್ದನ್ನು ಎಲ್ಲರೂ ಕಂಡಿದ್ದರು. ಹೀಗಿರುವಾಗ ಒಂದು ಬೆಳಿಗ್ಗೆ ಪ್ರತಿ ಬಟ್ಟೆಯ ಅಂಚಿನಲ್ಲೂ ಗಟ್ಟಿ ಗುಂಡಿ ಸಿಗತೊಡಗಿತು. ಇದೇನು ಎಂದು ಹೇಳಿದವರಿಲ್ಲ. ರಟ್ಟಕ್ಕ ಅಪ್ಪಣೆ ಹೊರಡಿಸಿದರು: "ಕತ್ತರಿಸಿ." ಹೆಂಗಸರು ಕತ್ತರಿ ಹಿಡಿದು ಒಂದೊಂದು ಗುಂಡಿಯನ್ನೂ ಶ್ರದ್ಧೆಯಿಂದ ತೆಗೆದು ಬಕೆಟ್ಟಿಗೆ ಹಾಕಿದರು.

ಕಂಪ್ಯೂಟರಿನ ಪ್ರಕಾರ ಆಸ್ಪತ್ರೆಯ ಬಟ್ಟೆಯೆಲ್ಲ ಲಾಂಡ್ರಿಯ ಒಳಗೆ ಹೋಗಿತ್ತು, ಹೊರಗೆ ಒಂದೂ ಬಂದಿರಲಿಲ್ಲ. ಕಳ್ಳತನದ ಗುಮಾನಿ ಹುಟ್ಟಿತು. "ಗೇಟಲ್ಲಿ ನನ್ನ ತಂಗಿ ಬ್ಯಾಗು ಬಿಚ್ಚಿಸಿ ನೋಡಿದ್ರು. ಬಸ್ಸಲ್ಲಿ ಕೂತ್ಮೇಲೆ, ಅಂಚಲ್ಲಿ ಎಣಿಸೋ ಗುಂಡಿ ಇತ್ತಂತೆ ಅಕ್ಕ, ಅದೂ ಕಾಣೆಯಂತೆ ಅಂದ್ಳು. ನನಗೆ ನಮ್ಮ ಬಕೆಟ್ಟು ನೆನಪಾಯ್ತು." ಮರುದಿನ ಅವರು ಬಕೆಟ್ಟು ಹೊತ್ತು ನೇರ ಮ್ಯಾನೇಜರ್ ಕೋಣೆಗೆ ಹೋಗಿ ಮೇಜಿನ ಮೇಲೆ ಇಟ್ಟರು. "ನಿಮ್ಮ ಬೆಡ್‌ಶೀಟೆಲ್ಲ ಇಲ್ಲಿವೆ ಸಾರ್. ಕತ್ತರಿಸಿದ್ದು ನಾನೇ. ಇದೇನು ಅಂತ ಮೊದಲೇ ಹೇಳಿದ್ರೆ ಮುಟ್ತಾ ಇರ್ಲಿಲ್ಲ."

ಆ ಕೋಣೆಯಲ್ಲಿ ವ್ಯವಸ್ಥೆಯನ್ನು ರೂಪಿಸಿದ ಕಂಪನಿಯ ವಿನ್ಯಾಸಗಾರ್ತಿಯೂ ಇದ್ದರು. ಅವರ ಹಿಂದಿನ ಗೋಡೆಯ ಮೇಲೆ ಒಂದು ದೊಡ್ಡ ಹಾಳೆ, ಅದರಲ್ಲಿ ಆರು ಚೌಕ: ಈಗಿನ ಕೆಲಸ ನೋಡು, ಬೇಕಾದ್ದು ಕೇಳು, ಮಾದರಿ ಮಾಡು, ಆಡಿಸಿ ನೋಡು, ತಿದ್ದು, ಅಳವಡಿಸು. ಯಾವ ಸಂಸ್ಥೆಗೆ ಕಂಪ್ಯೂಟರ್ ವ್ಯವಸ್ಥೆ ತರುವುದಾದರೂ ಈ ಚೌಕಟ್ಟಿನಲ್ಲೇ ಹೆಜ್ಜೆ ಇಡಬೇಕೆಂದು ಅವರ ಲೆಕ್ಕ. ಚೌಕಟ್ಟಿನಲ್ಲಿ ದೋಷವಿರಲಿಲ್ಲ. ಮೊದಲ ಚೌಕವನ್ನು ಮಾತ್ರ ಗೋಡೆಯಾಚೆ, ಘಮಘಮಿಸುವ ಇಸ್ತ್ರಿ ಮೇಜಿನ ಪಕ್ಕ ನಿಂತು ಮುಗಿಸಿಬಿಟ್ಟಿದ್ದರು. ವರದಿಯಲ್ಲಿ 'ಸಿಬ್ಬಂದಿಯ ಅಸಹಕಾರ' ಎಂದು ಬರೆದು, ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನಬಹುದಿತ್ತು. ಆ ಹೆಣ್ಣುಮಗಳು ಹಾಗೆ ಮಾಡಲಿಲ್ಲ. ಬಕೆಟ್ಟಿನಿಂದ ಒಂದು ಗುಂಡಿ ಎತ್ತಿಕೊಂಡು, "ಅಕ್ಕಾ, ನಿಮ್ಮ ಕೋಣೆಗೆ ಬರ್ಲಾ?" ಎಂದು ಕೇಳಿದರು.

"ಮೊದಲ ದಿನ ಎರಡು ಸಲ ಹೊರಗೆ ಓಡಿಹೋಗಿ ವಾಂತಿ ಮಾಡ್ಕೊಂಡ್ಳು ಪಾಪ," ಎಂದು ರಟ್ಟಕ್ಕ ನೆನೆಯುತ್ತಾರೆ. "ಮೂರನೇ ಸಲ ಓಡ್ಲಿಲ್ಲ. ಅವತ್ತೇ ಅಂದ್ಕೊಂಡೆ, ಈ ಹುಡುಗಿ ಕೈಲಿ ಕೆಲಸ ಆಗುತ್ತೆ ಅಂತ."

ಈ ಸಲ ಯಂತ್ರ ಕೊಳ್ಳುವ ಮೊದಲು ರಟ್ಟಿನಲ್ಲಿ ಆಡಿ ನೋಡೋಣ ಎಂದವರು ವಿನ್ಯಾಸಗಾರ್ತಿ. ಸೋಪಿನ ಪುಡಿಯ ಪೆಟ್ಟಿಗೆಗಳನ್ನು ಕತ್ತರಿಸಿ, ಒಂದೊಂದು ರಟ್ಟಿನ ಮೇಲೂ ಪರದೆಯ ಚಿತ್ರ ಬರೆದರು. ಯಾರಾದರೂ ಯಂತ್ರವಾಗಬೇಕಲ್ಲ? ರಟ್ಟಕ್ಕ ಯಂತ್ರವಾದರು. ಗೆಳತಿಯರು ಗಾಡಿ ತಳ್ಳಿಕೊಂಡು ಬಂದರೆ ಬಾಗಿಲಲ್ಲಿ ನಿಂತು "ಟಿಂಗ್" ಎನ್ನುವುದು, ರಟ್ಟು ಬದಲಿಸಿ ತೋರಿಸುವುದು, ಅವರು ತಪ್ಪಿದರೆ ತುಟಿ ಪಿಟಕ್ಕೆನ್ನದೆ ನಿಲ್ಲುವುದು. "ಯಂತ್ರ ಸುಮ್ನೆ ನಿಂತ್ರೆ ಜನಕ್ಕೆ ಎಷ್ಟು ಸಿಟ್ಟು ಬರುತ್ತೆ ಅಂತ ಆಗ ಗೊತ್ತಾಯ್ತು. ಒಬ್ಳಂತೂ ನನಗೆ ಒದೆಯೋಕೇ ಬಂದಿದ್ಳು." ಅಲ್ಲಿಂದ ಅವರು ರಟ್ಟಕ್ಕ.

ರಟ್ಟಿನಾಟದಲ್ಲಿ ಒಂದೊಂದೇ ತೊಡಕು ಮೇಲೆ ಬಂತು. ಯಂತ್ರದ ಎಣಿಕೆಗೆ ಸೈ ಎನ್ನಲು ಒದ್ದೆ ಗವಸಿನ ಕೈ ಪರದೆ ಒತ್ತಲಾರದು; ಹಾಗಾಗಿ ಒತ್ತುವುದನ್ನೇ ಬಿಟ್ಟು, ಗಾಡಿ ಹೊಸ್ತಿಲು ದಾಟಿದರೆ ಸಾಕು ಎಂದಾಯಿತು. ಗುಂಡಿಯ ಸುತ್ತ ಕೆಂಪು ದಾರದ ಹೊಲಿಗೆ ಬಿತ್ತು, ಸೂಜಿ ಯಾವುದು ಟ್ಯಾಗ್ ಯಾವುದು ಎಂದು ಕಣ್ಣಿಗೆ ತಿಳಿಯಲಿ ಎಂದು. ಇನ್ನೊಂದು ಭಯವನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ರಟ್ಟಕ್ಕನೇ ಹೇಳಿದರು. "ಪರದೆ ಮೇಲೆ ಗಾಡಿ ಹೆಸರು ಬರ್ಲಿ, ನಮ್ಮ ಹೆಸರು ಬೇಡ ಅಂದೆ. ಯಾರು ನಿಧಾನ, ಯಾರು ಬೇಗ ಅಂತ ಚಾಡಿ ಹೇಳೋ ಯಂತ್ರನ ಯಾರು ರೀ ಹತ್ರ ಸೇರಿಸ್ತಾರೆ?" ತಪ್ಪಾದ ರಟ್ಟನ್ನು ಹರಿದು ಬಿಸಾಡಿ ಹೊಸದು ಬರೆದರು. ಸೋಪಿನ ಪೆಟ್ಟಿಗೆಗೆ ಲಾಂಡ್ರಿಯಲ್ಲಿ ಬರವೇ?

ಕೊನೆಗೆ ರಟ್ಟಕ್ಕ ತಮಗಾಗಿ ಒಂದು ಕೇಳಿದರು. ತಾವು ಬಿಡಿಸಿಕೊಟ್ಟ ಬಟ್ಟೆ ತೊಳೆದು, ವಾರ್ಡಿಗೆ ಹೋಗಿ, ಅಲ್ಲಿನ ಕಪಾಟಿನಿಂದ ಮಂಚಕ್ಕೆ ಏರಿದಾಗ ಕೊಳೆ ಕೋಣೆಯ ಪರದೆಯಲ್ಲೂ ಅದು ಕಾಣಬೇಕು. "ಅದನ್ನ ನೋಡಿ ನೀವೇನು ಮಾಡ್ತೀರಿ ಅಕ್ಕಾ?" ಎಂದು ವಿನ್ಯಾಸಗಾರ್ತಿ ಕೇಳಿದರಂತೆ. "ಏನೂ ಮಾಡಲ್ಲ. ನೋಡ್ತೀವಿ." ಆರು ಚೌಕಗಳಲ್ಲಿ ಯಾವುದಕ್ಕೂ ಸೇರದ ಬೇಡಿಕೆ. ಮೇಲಿನವರು ದಂಡ ಖರ್ಚು ಎಂದರು. ವಿನ್ಯಾಸಗಾರ್ತಿ ಜಗಳವಾಡಿ ಮಾಡಿಸಿಕೊಟ್ಟರು. 'ಪೂರೈಕೆ ಪೂರ್ಣಗೊಂಡಿದೆ' ಎಂದು ಬರೆದಿದ್ದನ್ನು ರಟ್ಟಕ್ಕ ಅಳಿಸಿಹಾಕಿ, 'ಹಾಸಿದೆ' ಎಂದು ಬರೆಸಿದರು.

ಈಗ ಅಡುಗೆಮನೆಗೋ ಔಷಧಿ ಉಗ್ರಾಣಕ್ಕೋ ಹೊಸ ವ್ಯವಸ್ಥೆ ಬರುವುದಿದ್ದರೆ ರಟ್ಟಕ್ಕನಿಗೆ ಮೊದಲು ಕರೆ ಬರುತ್ತದೆ. ಕಂಕುಳಲ್ಲಿ ರಟ್ಟಿನ ಕಟ್ಟು ಇಟ್ಟುಕೊಂಡು ಹೋಗಿ ಯಂತ್ರವಾಗಿ ನಿಲ್ಲುತ್ತಾರೆ. ಕಂಪನಿಯ ಹೊಳೆಯುವ ಪುಸ್ತಿಕೆಯಲ್ಲಿ ಆರು ಚೌಕಗಳಿವೆ, ಬಾಗಿಲ ಯಂತ್ರದ ಬಣ್ಣದ ಚಿತ್ರವಿದೆ, ರಟ್ಟಕ್ಕ ಇಲ್ಲ. ಇದು ತಪ್ಪು ಎಂದು ಯಾರಾದರೂ ಹೇಳಲೇಬೇಕು, ಹಾಗಾಗಿ ಇಲ್ಲಿ ಹೇಳಿದೆ. ಅವರಿಗೇನೂ ಬೇಸರವಿಲ್ಲ. "ಬೆಡ್‌ಶೀಟ್ ಮೇಲೂ ನಮ್ಮ ಹೆಸರು ಬರೆದಿರಲ್ಲ. ಮಲಗಿದವರಿಗೆ ನಿದ್ದೆ ಬರಲ್ವಾ?"

ಇಷ್ಟು ಹೇಳುವ ಹೊತ್ತಿಗೆ ಬಾಗಿಲ ಮೇಲಿನ ಪರದೆ ಕಪ್ಪಾಗುತ್ತದೆ. ಟಿಂಗ್ ಎನ್ನುವ ಸದ್ದೂ ನಿಲ್ಲುತ್ತದೆ. ಇವತ್ತೇ, ಈ ಹೊತ್ತಿಗೇ. ಆಪರೇಷನ್ ಥಿಯೇಟರಿನ ಗಾಡಿ ಸರದಿಯಲ್ಲಿ ನಿಂತಿದೆ. ಹೆಂಗಸರೆಲ್ಲ ಕೈಗೆಲಸ ಬಿಟ್ಟು ರಟ್ಟಕ್ಕನತ್ತ ನೋಡುತ್ತಾರೆ.

ರಟ್ಟಕ್ಕ ಮೊಳೆಗೆ ನೇತುಹಾಕಿದ ರಟ್ಟಿನ ಕಟ್ಟನ್ನು ತೆಗೆಯುತ್ತಾರೆ. "ಏನ್ ನೋಡ್ತೀರಿ? ಯಂತ್ರ ಸತ್ತ ಆಟ ಆಡಿಲ್ವಾ ನಾವು? ಗಾಡಿ ನಡೀಲಿ." ಹೌದು, ಆ ಆಟವನ್ನೂ ಆಡಿದ್ದರು, 'ಆಡಿಸಿ ನೋಡು' ಎಂಬ ನಾಲ್ಕನೇ ಚೌಕದಲ್ಲಿ. ಯಾವ ಗಾಡಿಯ ಬಟ್ಟೆ ಬರುತ್ತಿದೆ ಎಂದು ಆಚೆಯವರಿಗೆ ತಿಳಿಯಲು, ಥಿಯೇಟರಿನ ರಟ್ಟನ್ನು ಅವರು ಗಾಜಿಗೆ ಒತ್ತಿ ಹಿಡಿಯುತ್ತಾರೆ. ಆಚೆಯಿಂದ ಒಂದು ಕೈ ಹಬೆ ಒರೆಸುತ್ತದೆ, ತಂಗಿಯ ಮುಖ ಕಾಣುತ್ತದೆ, ತಿಳಿಯಿತು ಎನ್ನುವಂತೆ ತಂಗಿಯ ಕೈಯಲ್ಲೂ ಅಂಥದೇ ರಟ್ಟು ಮೇಲೇರುತ್ತದೆ. ಒಂದು ಗಾಡಿ, ಒಂದು ರಟ್ಟು. ಇನ್ನೊಂದು ಗಾಡಿ, ಇನ್ನೊಂದು ರಟ್ಟು. ಯಾವ ಗಾಡಿಯೂ ನಿಲ್ಲುವುದಿಲ್ಲ. ಮಹಡಿಯಿಂದ ಓಡಿ ಬಂದ ವಿನ್ಯಾಸಗಾರ್ತಿ ಏಣಿ ಹತ್ತಿ, ಸುಟ್ಟುಹೋದ ತಂತಿಯ ಜೋಡಣೆಯನ್ನು ಎರಡು ಗಂಟೆ ಹುಡುಕಿ ಬದಲಿಸಿ ಇಳಿಯುವ ಹೊತ್ತಿಗೆ ಥಿಯೇಟರಿನ ಬಟ್ಟೆ ಒಣಗಿ ಮೇಲಕ್ಕೆ ಹೋಗಿಯೂ ಆಗಿದೆ. ರಟ್ಟುಗಳನ್ನು ನೋಡಿಕೊಂಡು, ತಪ್ಪಿಹೋದ ಗಾಡಿಗಳನ್ನು ಅವರು ಯಂತ್ರಕ್ಕೆ ತಿಳಿಸುತ್ತಾರೆ.

ಬಿಸಿಲು ಏರಿದ ಮೇಲೆ ಗೋಡೆ ಫೋನು ಹೊಡೆದುಕೊಳ್ಳುತ್ತದೆ. ಮ್ಯಾನೇಜರ್. ಯಂತ್ರ ನಿಂತ ಸುದ್ದಿ ಸಭೆಗೂ ಮುಟ್ಟಿತ್ತಂತೆ. ಥಿಯೇಟರಿಗೆ ಬಟ್ಟೆ ತಡವಾಯಿತೇ ಎಂದು ಮಂಡಳಿಯವರು ಕೇಳಿದರಂತೆ, ಇಲ್ಲ ಎಂದು ಮ್ಯಾನೇಜರ್ ಹೇಳಿದರಂತೆ, ಅಲ್ಲಿಗೆ ಚರ್ಚೆ ಮುಗಿಯಿತಂತೆ. "ಲಾಂಡ್ರಿ ಇಲ್ಲೇ ಇರುತ್ತೆ, ಅಮ್ಮ. ಎಲ್ಲರಿಗೂ ಹೇಳಿ." ರಟ್ಟಕ್ಕ ಫೋನಿಟ್ಟು ಎಲ್ಲರಿಗೂ ಹೇಳಿ, ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ಕೂರುತ್ತಾರೆ. "ಭಯ ಇತ್ತು ರೀ," ಎಂದು ಮೆಲ್ಲಗೆ ಹೇಳುತ್ತಾರೆ. "ಇವರಿಗೆಲ್ಲ ತೋರಿಸಬಾರದಲ್ಲ."

ಪರದೆಯಲ್ಲಿ ಹಸಿರು ಅಕ್ಷರ ಮೂಡುತ್ತದೆ. ಮಕ್ಕಳ ವಾರ್ಡು: ಹಾಸಿದೆ. ಕೋಣೆಯ ಅಷ್ಟೂ ತಲೆಗಳು ಒಮ್ಮೆ ಮೇಲೆದ್ದು ನೋಡಿ, ಮತ್ತೆ ಗಂಟಿನತ್ತ ಬಾಗುತ್ತವೆ. ರಟ್ಟಕ್ಕ ಎದ್ದು ಗವಸು ಏರಿಸಿಕೊಳ್ಳುತ್ತಾರೆ.

"ಬಸ್ಸಲ್ಲಿ ಈಗ ಯಾರಾದ್ರೂ ಏನು ಕೆಲಸ ಅಂತ ಕೇಳಿದ್ರೆ ನನ್ನ ತಂಗಿಗಿಂತ ಮೊದಲು ನಾನೇ ಹೇಳ್ತೀನಿ," ಎನ್ನುತ್ತ ಮುಂದಿನ ಗಂಟು ಬಿಚ್ಚುತ್ತಾರೆ. "ಆಸ್ಪತ್ರೇಲಿ ಹಾಸಿಗೆ ಹಾಸ್ತೀನಿ ಅಂತ."