ಬೆನ್ನ ಹಿಂದಿನ ಕೆಮ್ಮು

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಕ್ಕುಬಿಡುತ್ತಿದ್ದವಳು ನಾನು. ಸ್ಕ್ಯಾನ್ ನೋಡಿ ವರದಿ ಬರೆಯುವ ವೈದ್ಯೆ. ಕಂಡದ್ದನ್ನಷ್ಟೇ ಬರೆದು ಅಭ್ಯಾಸ. ನೀವು ಇದನ್ನು ನಂಬಲೇಬೇಕೆಂದು ಕೇಳುವುದಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಹಲಸೂರಿನ ನಮ್ಮ ಸ್ಕ್ಯಾನಿಂಗ್ ಸೆಂಟರಿಗೆ ಶಿವಾಜಿನಗರದ ನೂರುನ್ನೀಸಾ ಎಂಬುವರು ಮಗಳ ಜೊತೆ ಬಂದಿದ್ದರು. ಹಿಂದೊಮ್ಮೆ ಸ್ತನ ಕ್ಯಾನ್ಸರ್ ಆಗಿ ವಾಸಿಯಾಗಿತ್ತು. ಈಗ ಹೊಟ್ಟೆ ಊದಿತ್ತು. ಸ್ಕ್ಯಾನಿನಲ್ಲಿ ನೋಡಿದರೆ ಹೊಟ್ಟೆಯ ಒಳಪದರದ ತುಂಬ ಸಬ್ಬಕ್ಕಿಯಂಥ ಗಂಟುಗಳು, ಸುತ್ತ ನೀರು. ಕ್ಯಾನ್ಸರ್ ಹರಡಿದರೆ ಹೀಗೇ ಕಾಣುತ್ತದೆ. ಹೊಟ್ಟೆಯ ಟೀಬಿಯೂ ಹೀಗೆ ಕಾಣುವುದುಂಟು. ಆದರೆ ಅವರ ಹಿಂದಿನ ಕಾಯಿಲೆ ಗೊತ್ತಿದ್ದವರಿಗೆ ಮೊದಲು ಹೊಳೆಯುವುದು ಕ್ಯಾನ್ಸರೇ.

ಕತ್ತಲಾಗುತ್ತಿತ್ತು. ‘ಹರಡಿದೆ’ ಎಂದು ಟೈಪ್ ಮಾಡುತ್ತಿದ್ದಾಗ ಬೆನ್ನ ಹಿಂದೆ ಯಾರೋ ಕೆಮ್ಮಿದರು. ವಯಸ್ಸಾದ ಹೆಂಗಸಿನ ಕೆಮ್ಮು, ಎದೆಯ ಆಳದಿಂದ ಕಿತ್ತುಕೊಂಡು ಬರುವಂಥದ್ದು. ತಿರುಗಿದೆ. ಯಾರೂ ಇರಲಿಲ್ಲ, ಬಾಗಿಲು ಮುಚ್ಚಿತ್ತು. ಕೀಬೋರ್ಡಿನ ಮೇಲೆ ಕೈಯಿಟ್ಟೆ. ಮತ್ತೆ ಅದೇ ಕೆಮ್ಮು, ಈ ಸಲ ಕಿವಿಯ ಪಕ್ಕದಲ್ಲೇ.

ಎದ್ದು ಹೊರಗೆ ಬಂದೆ. ಮಗಳೊಬ್ಬಳೇ ಕೂತಿದ್ದಳು.

“ನಿಮ್ಮನೇಲಿ ಯಾರಿಗಾದ್ರೂ ತುಂಬಾ ಕೆಮ್ಮು ಇತ್ತೇನಮ್ಮಾ?”

“ದಾದೀಮಾಗೆ ಇತ್ತು ಮೇಡಂ, ಅಬ್ಬಾನ ಅಮ್ಮ. ಟೀಬಿ. ಹೋದ್ವರ್ಷ ತೀರ್ಕೊಂಡ್ರು. ಅಮ್ಮೀನೇ ಪಕ್ಕದಲ್ಲಿ ಮಲ್ಕೊಂಡು ನೋಡ್ಕೊಂಡಿದ್ದು. ಯಾಕೆ ಮೇಡಂ?”

ಒಳಗೆ ಹೋಗಿ ಎರಡೂ ಸಾಧ್ಯತೆ ಬರೆದೆ. ಗಂಟಿನ ಚೂರು ತೆಗೆದು ಪರೀಕ್ಷಿಸಲೇಬೇಕು ಎಂದು ಸೇರಿಸಿದೆ. ಟೀಬಿಯೇ ಆಗಿತ್ತು. ತಿಂಗಳುಗಟ್ಟಲೆ ಮಾತ್ರೆ ನುಂಗಿ ಅವರು ಹುಷಾರಾದರು.

ಮುಂದಿನ ವರ್ಷ ಜೋಗುಪಾಳ್ಯದಲ್ಲಿದ್ದ ನನ್ನ ಅಮ್ಮನ ಹೊಟ್ಟೆ ಊದಿತು. ಅದೇ ಪರದೆಯ ಮೇಲೆ ಅಂಥವೇ ಗಂಟುಗಳು. ವರದಿಯನ್ನು ಸಹೋದ್ಯೋಗಿಗೆ ಬಿಟ್ಟಿದ್ದೆ. ಆದರೂ ಕೋಣೆಯ ಬಾಗಿಲು ಹಾಕಿಕೊಂಡು ಕೂತು, ಆ ಕೆಮ್ಮಿಗಾಗಿ ಕಾದೆ. ಯಾರದ್ದಾದರೂ ಸರಿ, ಒಮ್ಮೆ ಕೆಮ್ಮಲಿ ಎಂದು ಬೇಡಿಕೊಂಡೆ. ಏಸಿಯ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ.

ಹೊರಗೆ ಬಂದಾಗ ಅಮ್ಮ ನನ್ನ ಮುಖ ನೋಡಿದಳು. “ಮಧ್ಯಾಹ್ನ ಊಟ ಮಾಡಿದ್ಯೇನೇ? ನಡಿ, ಮನೆಗ್ಹೋಗೋಣ,” ಅಂದಳು.

ಪರೀಕ್ಷೆಯಲ್ಲೂ ಕ್ಯಾನ್ಸರೇ ಬಂತು. ದೀಪಾವಳಿಗೆ ಮುಂಚೆ ಅಮ್ಮ ಹೋದಳು.

ಅಂದು ಕೇಳಿದ್ದು ದಣಿದ ತಲೆಯ ಭ್ರಮೆ ಇರಬೇಕು ಎಂದು ಗೆಳತಿಯರು ಹೇಳುತ್ತಾರೆ. ಇರಬಹುದು. ಆದರೆ ಅಮ್ಮನ ಹೊತ್ತಿಗೆ ನಾನು ಎಂಥ ಭ್ರಮೆಗೂ ತಯಾರಾಗಿ ಕೂತಿದ್ದೆ. ಆಗ ಯಾಕೆ ಏನೂ ಕೇಳಲಿಲ್ಲ?